ನೀರು ತಾಗುವವರೆಗೆ

ಗುರುವಾರ ಮಧ್ಯಾಹ್ನ ಶವಗೃಹ ನಡೆಸುವ ಪೆಟ್ವೇ ಫೋನ್ ಮಾಡಿ ಎರಡು ವಸ್ತು ಕೇಳಿದರು. ಒಂದು, ರಮೋನಾಳಿಗೆ ತೊಡಿಸಬೇಕಾದ ಬಟ್ಟೆ. ಇನ್ನೊಂದು, ತಲೆಗೂದಲು ಸರಿಯಾಗಿ ಕಾಣುವಂಥ ಈಚಿನ ಫೋಟೋ. ತಲೆ ಬಾಚುವವರು ಯಾರು ಎಂದು ಮಾತ್ರ ಅವರು ಕೇಳಲಿಲ್ಲ. ಆ ಕಡೆಯ ಕಪ್ಪು ಜನರಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ, ಬದುಕಿದ್ದಾಗ ಅವಳ ತಲೆ ನೋಡಿಕೊಂಡವಳೇ ಕೊನೆಯ ಸಲವೂ ಬಾಚಿ ಕಳಿಸಿಕೊಡುವುದು ರೂಢಿ. ಅಟ್ಲಾಂಟಾದ ದಕ್ಷಿಣಕ್ಕಿರುವ ಮೇಕನ್ ಊರಿನಲ್ಲಿ ನಲವತ್ತೊಂದು ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ವರ್ನೆಟಾ ಹಾಗೆ ಎಷ್ಟೋ ಜನರನ್ನು ಕಳಿಸಿಕೊಟ್ಟಿದ್ದಳು. ಈ ಸಲ ಮಲಗಿದ್ದವಳು ಅವಳ ಒಬ್ಬಳೇ ಮಗಳು.

"ಮಿಸ್ ವರ್ನೆಟಾ, ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ. ಸಂಕೋಚ ಬೇಡ. ಬೇರೆ ಯಾರನ್ನಾದ್ರೂ ಕರೆಸ್ತೀನಿ" ಎಂದರು ಪೆಟ್ವೇ.

"ನನ್ನ ಮಗಳ ತಲೆಗೆ ಬೇರೆಯವರು ಕೈ ಹಾಕೋದಾ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ಹಿಂದಿನ ಕೋಣೇಲಿ ಬಾಚಣಿಗೆ ಕಾಯಿಸೋ ಆ ಸಣ್ಣ ಒಲೆ ಇದೆ ತಾನೆ?"

"ಇದೆ. ಇಟ್ಟಲ್ಲೇ ಇದೆ."

ಅವಳು ಫೋನ್ ಕೆಳಗಿಟ್ಟಳು. ಬೇರೆಯವರು ಕೈ ಹಾಕೋದಾ ಎಂದು ಜೋರಾಗಿಯೇ ಅಂದಿದ್ದಳು. ಆದರೆ ಮಗಳ ತಲೆಯನ್ನು ಅವಳು ಮುಟ್ಟಿ ಒಂಬತ್ತು ವರ್ಷಗಳಾಗಿದ್ದವು.

ರಮೋನಾ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಲವತ್ತೊಂದು ವಯಸ್ಸು. ಮಂಗಳವಾರ ಮೂರನೆಯ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ತಲೆ ಹಿಡಿದುಕೊಂಡು ಕುಳಿತಳಂತೆ. ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಏನನ್ನಾದರೂ ಹೇಳಿಹೋಗುವುದಕ್ಕೆ ಅವಳಿಗೆ ಸಮಯವೇ ಇರಲಿಲ್ಲ.

ಅವಳ ಮಗಳು ನೈಲಾಳಿಗೆ ಹನ್ನೊಂದು ವರ್ಷ. ಅಪ್ಪನನ್ನು ಕಂಡವಳಲ್ಲ. ಇನ್ನು ಮುಂದೆ ಅವಳಿಗೆ ಅಜ್ಜಿಯೇ ದಿಕ್ಕು. ಫೋಟೋದ ಮಾತು ಕಿವಿಗೆ ಬಿದ್ದದ್ದೇ ಹುಡುಗಿ ಒಳಗೆ ಹೋಗಿ ಒಂದು ಫೋಟೋ ತಂದಳು. ಕಳೆದ ಬೇಸಿಗೆಯಲ್ಲಿ ಕೆರೆಯ ಬಳಿ ತೆಗೆದದ್ದು. ಅದರಲ್ಲಿ ರಮೋನಾ ಯಾವುದೋ ಮಾತಿಗೆ ಬಾಯ್ತುಂಬ ನಗುತ್ತಿದ್ದಳು. ಮುಖದ ಸುತ್ತ ಸಣ್ಣ ಸಣ್ಣ ಸುರುಳಿಗಳ ಕೂದಲು ದಟ್ಟವಾಗಿ, ದುಂಡಗೆ ಹರಡಿಕೊಂಡಿತ್ತು. ಅಂಚಿನಲ್ಲಿ ಬಿಸಿಲು ಹೊಕ್ಕು ಕಂದು ಬಣ್ಣಕ್ಕೆ ತಿರುಗಿತ್ತು.

"ಅಜ್ಜಿ, ಅಮ್ಮನ ತಲೆ ಹೀಗೇ ಇರ್ಬೇಕು."

"ಆಗ್ಲಿ."

"ಹೀಗೇ."

"ಆಗ್ಲಿ ಅಂದ್ನಲ್ಲ ಪುಟ್ಟಿ" ಎಂದು ವರ್ನೆಟಾ ಫೋಟೋವನ್ನು ಕೈಚೀಲದ ಒಳಜೇಬಿಗೆ ಹಾಕಿದಳು. ಜಿಪ್ ಎಳೆಯುವಾಗಲೇ ಅವಳಿಗೆ ಗೊತ್ತಿತ್ತು, ಈ ಫೋಟೋವನ್ನು ತಾನು ಪೆಟ್ವೇಯವರಿಗೆ ಕೊಡುವುದಿಲ್ಲ ಎಂದು.

ಅದು ಮೋಸವೆಂದು ಅವಳಿಗೆ ಅನ್ನಿಸಲಿಲ್ಲ. ಮಗು, ಅದಕ್ಕೇನು ಗೊತ್ತು ಎಂದುಕೊಂಡಳು. ಶನಿವಾರ ಸ್ಕೂಲಿನವರು ಬರುತ್ತಾರೆ, ಚರ್ಚಿನವರು ಬರುತ್ತಾರೆ, ಅಟ್ಲಾಂಟಾದಿಂದ ನೆಂಟರು ಬರುತ್ತಾರೆ. ಎಲ್ಲರೂ ಕೊನೆಯ ಸಲ ನೋಡುವ ಮುಖ ಅದು. ವರ್ನೆಟಾಳ ತಾಯಿ ಒಂದು ಮಾತು ಹೇಳುತ್ತಿದ್ದಳು: ತಲೆಗೂದಲು ನೆಟ್ಟಗಿದ್ದರೆ ಅರ್ಧ ಬಾಗಿಲು ತಾನಾಗಿಯೇ ತೆರೆಯುತ್ತದೆ. ಆ ಮಾತು ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಇಪ್ಪತ್ತಮೂರರ ಪ್ರಾಯದಲ್ಲಿ ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಕೆಲಸ ಕೇಳಿಕೊಂಡು ಹೋದಾಗ ಅಲ್ಲಿನ ಮೇನೇಜರು ಅವಳ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ತಲೆಯನ್ನೇ ನೋಡುತ್ತಾ, "ಅದನ್ನ ಏನಾದ್ರೂ ಮಾಡ್ಕೊಂಡು ಮುಂದಿನ ವಾರ ಬಾ" ಎಂದಿದ್ದ. ಮುಂದಿನ ವಾರ ಅವಳು ಹೋಗಲಿಲ್ಲ. ಬೇರೆ ಹೆಂಗಸರ ತಲೆ ನೆಟ್ಟಗೆ ಮಾಡುವುದನ್ನು ಕಲಿತಳು.

ಪಾರ್ಲರಿನಲ್ಲಿ ಒಂದು ಕಾಲಕ್ಕೆ ಆರು ಕುರ್ಚಿಗಳಿದ್ದವು. ಶನಿವಾರ ಬಂದರೆ ಬಾಗಿಲಾಚೆಯವರೆಗೆ ಸರದಿ. ಸುರುಳಿ ಕೂದಲನ್ನು ನೆಟ್ಟಗೆ ಮಾಡುವ ಸ್ಟ್ರೇಟನಿಂಗ್ ಕ್ರೀಮಿನ ಘಾಟು, ನಗು, ಊರಿನ ಸುದ್ದಿ. ಆಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಮೊದಲು ಕಾಲೇಜಿನ ಹುಡುಗಿಯರು, ಆಮೇಲೆ ಅವರ ಅಕ್ಕಂದಿರು, ಕೊನೆಗೆ ತಾಯಂದಿರು ಕೂಡ. ಫೋನಿನಲ್ಲಿ ವಿಡಿಯೋ ನೋಡಿ ತಮ್ಮ ತಲೆಯನ್ನು ತಾವೇ ತೊಳೆದು, ತಾವೇ ಹೆಣೆದುಕೊಳ್ಳಲು ಕಲಿತರು. ಭಾನುವಾರ ಚರ್ಚಿನಲ್ಲಿ ಕೊನೆಯ ಸಾಲಿನ ಹಿಂದೆ ನಿಂತು ಜನರನ್ನು ಕೂರಿಸುವ ಕೆಲಸ ವರ್ನೆಟಾಳದು. ಅಲ್ಲಿಂದ ಎಲ್ಲರ ತಲೆಗಳೂ ಕಾಣುತ್ತಿದ್ದವು. ನುಣುಪಾಗಿ ಹೊಳೆಯುತ್ತಿದ್ದ, ಬಹುಪಾಲು ತನ್ನ ಕೈಯದೇ ಕೆಲಸವಾಗಿದ್ದ ತಲೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದವು. ಅವುಗಳ ಜಾಗದಲ್ಲಿ ಮೋಡದಂಥವು, ಸುರುಳಿಯಂಥವು, ನೂಲಿನಂತೆ ಹೊಸೆದಂಥವು ಎದ್ದವು. ಈಗ ಪಾರ್ಲರಿನಲ್ಲಿ ಉಳಿದದ್ದು ಎರಡು ಕುರ್ಚಿ. ಅದರಲ್ಲೊಂದು ಖಾಯಂ ಆಗಿ ಓಡೆಸ್ಸಾಳದು. ವರ್ನೆಟಾಳ ಮೊದಲ ಗಿರಾಕಿ, ಹಳೆಯ ಗೆಳತಿ, ನಾಲಗೆಗೆ ಮೂಳೆಯಿಲ್ಲದವಳು.

"ನಾವು ಅದನ್ನ ಮುಚ್ಚಿಡೋಕೆ ಟೋಪಿ ಹಾಕ್ಕೊಳ್ತಿದ್ವಿ" ಎನ್ನುತ್ತಿದ್ದಳು ಓಡೆಸ್ಸಾ. "ಇವರು ಅದನ್ನೇ ಟೋಪಿ ಮಾಡ್ಕೊಂಡಿದಾರೆ. ಹೋದ ವಾರ ನನ್ನ ಮುಂದಿನ ಬೆಂಚಲ್ಲಿ ಒಬ್ಳು ಕೂತಿದ್ಲು ನೋಡು, ಪಾದ್ರಿ ಉಪದೇಶ ಎಲ್ಲಾ ಕೇಳಿಸ್ತು, ಪಾದ್ರಿ ಮಾತ್ರ ಕಾಣಿಸ್ಲಿಲ್ಲ!"

ರಮೋನಾ ಆ ಸಾಲಿಗೆ ಸೇರಿದ್ದು ನೈಲಾಳಿಗೆ ಎರಡು ವರ್ಷವಾಗಿದ್ದಾಗ. ಒಂದು ಸಂಜೆ ಪಾರ್ಲರಿಗೆ ಬಂದು ಕುರ್ಚಿಯಲ್ಲಿ ಕುಳಿತು, "ಅಮ್ಮ, ಕ್ರೀಮು ಹಚ್ಚಿದ ಭಾಗ ಎಲ್ಲಾ ಕತ್ತರಿಸಿಬಿಡು. ಬುಡದಲ್ಲಿ ಹೊಸದಾಗಿ ಬಂದಿರೋದು ಮಾತ್ರ ಸಾಕು" ಎಂದಳು.

"ಈ ಕುರ್ಚೀಲಿ ಕೂತು ಯಾರೂ ಕೂದಲು ಕಳ್ಕೊಂಡಿಲ್ಲ. ನೀನು ಮೊದಲನೆಯವಳಾಗ್ಬೇಡ."

"ನೈಲಾ ತಲೆಗೆ ನಾನು ಕ್ರೀಮು ಹಚ್ಚಲ್ಲ ಅಮ್ಮ. ನಿನ್ನ ಕೂದಲು ಹೀಗಿರೋದೇ ಚೆಂದ ಅಂತ ಅವಳಿಗೆ ನಾಳೆ ಯಾವ ಬಾಯಲ್ಲಿ ಹೇಳ್ಲಿ, ನಾನೇ ನನ್ನದನ್ನ ಸುಟ್ಕೊಂಡು?"

ವರ್ನೆಟಾ ಕತ್ತರಿ ಮುಟ್ಟಲಿಲ್ಲ. ರಮೋನಾ ಮನೆಗೆ ಹೋಗಿ ಬಚ್ಚಲುಮನೆಯ ಕನ್ನಡಿಯೆದುರು ತಾನೇ ಕತ್ತರಿಸಿಕೊಂಡಳು. ಆ ಭಾನುವಾರ ಎರಡು ಬೆರಳಗಲ ಕೂದಲಿನೊಂದಿಗೆ ಚರ್ಚಿನ ಮೆಟ್ಟಿಲು ಹತ್ತಿ ಬಂದವಳನ್ನು ಎಲ್ಲರೆದುರೇ ತಾಯಿ ಕೇಳಿದ್ದಳು: "ಜ್ವರ ಬಂದು ಉದುರಿಹೋಯ್ತೇನೇ, ಇಲ್ಲಾ ಜೈಲಿಂದ ಬಿಟ್ರಾ?"

ಸುತ್ತ ನಿಂತವರು ನಕ್ಕಿದ್ದರು. ರಮೋನಾ ಕೂಡ ಸ್ವಲ್ಪ ನಕ್ಕಳು. ಆಮೇಲೆ ಜಗಳವೇನೂ ಆಗಲಿಲ್ಲ. ಭಾನುವಾರದ ಊಟಕ್ಕೆ ಅವಳು ತಪ್ಪದೆ ಬರುತ್ತಿದ್ದಳು, ಸೊಪ್ಪು ಸೋಸಿಕೊಡುತ್ತಿದ್ದಳು, ತಾಯಿಯ ಬಿಪಿ ಮಾತ್ರೆ ಮುಗಿದಿದೆಯೇ ಎಂದು ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದಳು. ಮೇಜಿನ ಸುತ್ತ ಎಲ್ಲ ಮಾತೂ ಇತ್ತು, ತಲೆಯ ಮಾತೊಂದನ್ನು ಬಿಟ್ಟು. ಹಾಗೆಯೇ ಒಂಬತ್ತು ವರ್ಷ ಹೋಯಿತು.

ಶುಕ್ರವಾರ ಬೆಳಿಗ್ಗೆ ವರ್ನೆಟಾ ಶವಗೃಹಕ್ಕೆ ಹೋದಳು. ಪೆಟ್ವೇಯವರ ಕೈಗೆ ಕೊಟ್ಟದ್ದು ಹದಿನೆಂಟು ವರ್ಷ ಹಿಂದಿನ ಫೋಟೋ. ಕಾಲೇಜು ಮುಗಿಸಿದ ದಿನದ್ದು, ಕಪ್ಪು ಗೌನು, ಭುಜದ ಮೇಲೆ ಇಳಿಬಿದ್ದ ನುಣುಪಾದ ಕೂದಲು. ಅವರು ಫೋಟೋ ನೋಡಿದರು, ಅವಳ ಮುಖ ನೋಡಿದರು. ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ರಮೋನಾ ನೀಲಿ ಉಡುಪಿನಲ್ಲಿ ಮಲಗಿದ್ದಳು. ತಲೆ ತೊಳೆದು ಒಣಗಿಸಿ ಬಿಟ್ಟಿದ್ದರು. ವರ್ನೆಟಾ ಏಪ್ರನ್ ಕಟ್ಟಿಕೊಂಡು ಚೀಲದಿಂದ ಸಾಮಾನು ತೆಗೆದಿಟ್ಟಳು: ಅವಳ ತಾಯಿಯ ಕಾಲದ ಹಿತ್ತಾಳೆ ಬಾಚಣಿಗೆ, ಎಣ್ಣೆ, ಕ್ಲಿಪ್ಪುಗಳು, ಬಿಳಿ ಕಾಗದದ ಚೂರುಗಳು, ಒಂದು ಡಬ್ಬಿ ಕ್ರೀಮು. ಸತ್ತವರಿಗೆ ಕ್ರೀಮು ಹಚ್ಚುವ ಪದ್ಧತಿಯಿಲ್ಲ. ಆದರೆ ಮೇ ತಿಂಗಳ ಸೆಕೆ, ಗಾಳಿಯಲ್ಲೇ ನೀರು. ಕಾದ ಬಾಚಣಿಗೆಯಿಂದ ಒತ್ತಿದ್ದು ನಾಳೆಯವರೆಗೆ ನಿಂತೀತೋ ಇಲ್ಲವೋ ಎಂಬ ಅನುಮಾನಕ್ಕೆ ಅದನ್ನೂ ತಂದಿದ್ದಳು.

ಮೊದಲು ಎರಡೂ ಅಂಗೈಗಳನ್ನು ಕೂದಲಿನ ಮೇಲೆ ಸುಮ್ಮನೆ ಇಟ್ಟಳು. ಒಂಬತ್ತು ವರ್ಷ ಅವಳು ಅದನ್ನು ದೂರದಿಂದಲೇ ನೋಡಿ, ಒರಟು ಎಂದು ತೀರ್ಮಾನಿಸಿಬಿಟ್ಟಿದ್ದಳು. ಒರಟಾಗಿರಲಿಲ್ಲ. ಕೈ ಒಳಗೆ ಇಳಿಯಿತು. ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಮೆಲ್ಲಗೆ ಏಳುತ್ತಿತ್ತು. ಲಕ್ಷ ತಲೆ ಮುಟ್ಟಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದವಳಿಗೆ ತನ್ನ ಮನೆಯ ಕೂದಲು ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಬಾಚಣಿಗೆಯ ಬಾಲದಿಂದ ಬೈತಲೆ ತೆಗೆಯುತ್ತಾ ಎಡಗಿವಿಯ ಹಿಂದೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಚರ್ಮ ನುಣ್ಣಗೆ, ಬಿಳಿಚಿಕೊಂಡು ಹೊಳೆಯುತ್ತಿತ್ತು.

ರಮೋನಾಳಿಗೆ ಆಗ ಆರು ವರ್ಷ. ಈಸ್ಟರಿನ ಹಿಂದಿನ ದಿನ. ಮರುದಿನ ಚರ್ಚಿನಲ್ಲಿ ಮಕ್ಕಳೆಲ್ಲ ನಿಂತು ನಾಲ್ಕು ಸಾಲು ಪದ್ಯ ಹೇಳಬೇಕು. ಊರಿನ ಹೆಣ್ಣುಮಕ್ಕಳ ತಲೆಯೆಲ್ಲ ಆವತ್ತು ನೆಟ್ಟಗಾಗಬೇಕು. ಪಾರ್ಲರಿನವಳ ಮಗಳದು ಎಲ್ಲರಿಗಿಂತ ನೆಟ್ಟಗಿರಬೇಕು. ಕ್ರೀಮು ಹಚ್ಚಿ ಗಡಿಯಾರ ನೋಡಿದ್ದಳು. "ಉರೀತಿದೆ ಅಮ್ಮ" ಎಂದಿತು ಮಗು. "ಇನ್ನೈದು ನಿಮಿಷ." "ಅಮ್ಮ, ಉರೀತಿದೆ." "ಉರಿದ್ರೆ ಹಿಡೀತಿದೆ ಅಂತ ಅರ್ಥ. ಚೆಂದ ಕಾಣ್ಬೇಕಾ ಬೇಡ್ವಾ? ಪದ್ಯ ಹೇಳು ನೋಡೋಣ." ಮಗು ಅಳುತ್ತಲೇ ಪದ್ಯ ಹೇಳಿತ್ತು. ತೊಳೆದಾಗ ಕಿವಿಯ ಹಿಂದಿನ ಚರ್ಮ ನೀರಿನ ಜೊತೆ ಬಂದಿತ್ತು. ಗಾಯ ಮಾಯ್ದಿತು ಎಂದು ವರ್ನೆಟಾ ಅಂದುಕೊಂಡಿದ್ದಳು. ಮುಂದೆಯೂ ಇಪ್ಪತ್ತಾರು ವರ್ಷ ಅದೇ ತಲೆಗೆ ಅದೇ ಕ್ರೀಮು ಹಚ್ಚಿದ್ದಳು. ಆ ಬೋಳು ಜಾಗದ ಮೇಲೆ ಕೂದಲು ಹಾಯಿಸಿ ಮುಚ್ಚುವುದು ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಅದನ್ನು ನೋಡುವುದನ್ನೇ ಬಿಟ್ಟಿತ್ತು.

ಅವಳು ಕ್ರೀಮಿನ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದಳು. ಒಲೆ ಹಚ್ಚಿ ಬಾಚಣಿಗೆ ಇಟ್ಟಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚೀಲದ ಒಳಜೇಬಿನಲ್ಲಿ ನೈಲಾ ಕೊಟ್ಟ ಫೋಟೋ ಇತ್ತು. ಆದರೆ ಆ ಫೋಟೋದಲ್ಲಿರುವ ತಲೆಯನ್ನು ಹೇಗೆ ಮಾಡಬೇಕೆಂಬುದು ಅವಳಿಗೆ ತಿಳಿಯದು. ಅವಳ ಕೈಗೆ ಗೊತ್ತಿದ್ದುದು ಒಂದೇ ದಾರಿ. ಕೈ ಆ ದಾರಿ ಹಿಡಿಯಿತು.

ಬಾಚಣಿಗೆ ಕಾದ ಮೇಲೆ ಬಿಳಿ ಕಾಗದಕ್ಕೆ ಒತ್ತಿ ನೋಡಿದಳು. ಕಾಗದ ಕಂದಾಗಲಿಲ್ಲ, ಬಿಸಿ ಹದವಾಗಿತ್ತು. ಮೊದಲ ಎಳೆ ಹಿಡಿದು ಕಿವಿಯ ಬಳಿ ಬಂದಾಗ ಬಾಯಿ ತಾನಾಗಿ ಅಂದಿತು: "ಕಿವಿ ಹಿಡ್ಕೋ ಚಿನ್ನ."

ಆ ಊರಿನಲ್ಲಿ ಅಡುಗೆಮನೆಯ ಒಲೆಯ ಪಕ್ಕ ಸ್ಟೂಲಿನಲ್ಲಿ ಕುಳಿತು ಬೆಳೆದ ಹೆಣ್ಣುಮಕ್ಕಳಿಗೆಲ್ಲ ಆ ಮಾತು ಗೊತ್ತು. ಕಾದ ಬಾಚಣಿಗೆ ಬರುತ್ತಿದೆ, ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿ ಎಂದರ್ಥ. ವರ್ನೆಟಾ ಅರೆಗಳಿಗೆ ಕಾದಳು. ಆಮೇಲೆ ತನ್ನ ಎಡಗೈಯಿಂದ ತಾನೇ ಆ ತಣ್ಣನೆಯ ಕಿವಿಯನ್ನು ಮಡಚಿ ಹಿಡಿದಳು.

ಎರಡು ಗಂಟೆ ಹಿಡಿಯಿತು. ಹಣೆಯ ಮೇಲಿನ ಕೂದಲನ್ನು ಕೊನೆಗಿಟ್ಟುಕೊಂಡಿದ್ದಳು. ಎಲ್ಲರ ಕಣ್ಣು ಮೊದಲು ಬೀಳುವುದು ಅಲ್ಲಿಯೇ ಎಂದು ಅದನ್ನು ಮೂರು ಸಲ ಎಳೆದಳು. ಮೂರನೆಯ ಸಲ ಕಣ್ಣು ಮಂಜಾಗಿತ್ತು. ಬಾಚಣಿಗೆಯನ್ನು ಕಾಗದಕ್ಕೆ ಒತ್ತದೆಯೇ ನೇರ ಎತ್ತಿದಳು. ನಲವತ್ತೊಂದು ವರ್ಷಗಳಲ್ಲಿ ಕಾಗದ ಮರೆತ ದಿನಗಳು ಎಷ್ಟೋ ಇದ್ದವು. ಆದರೆ ಬಿಸಿ ಹೆಚ್ಚಾದರೆ ಕುರ್ಚಿಯಲ್ಲಿ ಕುಳಿತವಳು ಹೆಗಲು ಮೇಲೆತ್ತುತ್ತಿದ್ದಳು, ಉಸಿರೆಳೆಯುತ್ತಿದ್ದಳು, "ಮಿಸ್ ವರ್ನೆಟಾ!" ಎಂದು ಕೂಗುತ್ತಿದ್ದಳು. ರಮೋನಾ ಏನೂ ಹೇಳಲಿಲ್ಲ. ಕೂದಲು ಸುಟ್ಟ ಕಮಟು ವಾಸನೆ ಮೂಗಿಗೆ ಬಡಿದ ಮೇಲೆಯೇ ವರ್ನೆಟಾ ಕೈ ಎತ್ತಿದ್ದು.

ಸಂಜೆ ನಾಲ್ಕಕ್ಕೆ ಜನ ನೋಡಲು ಬರತೊಡಗಿದರು. ಓಡೆಸ್ಸಾ ಶವಪೆಟ್ಟಿಗೆಯ ಬಳಿ ನಿಂತು ಕೈ ಜೋಡಿಸಿದಳು.

"ಅಯ್ಯೋ ನನ್ನವ್ವಾ. ನೋಡ್ರೇ. ಈಗ ನಮ್ಮ ರಮೋನಾ ಥರ ಕಾಣ್ತಾಳೆ. ನಿನ್ನ ಕೈಗೆ ದೇವರು ಒಳ್ಳೇದು ಮಾಡ್ಲಿ ವರ್ನೆಟಾ. ಆ ಕಾಗೆ ಗೂಡು ಇಟ್ಕೊಂಡೇ ಹೋಗ್ತಾಳೇನೋ ಅಂತ ನಾನು ರಾತ್ರಿಯೆಲ್ಲಾ ಪ್ರಾರ್ಥನೆ ಮಾಡ್ದೆ."

"ಸುಮ್ನಿರೇ" ಎಂದಳು ವರ್ನೆಟಾ. ಆದರೂ ಆ ಹೊಗಳಿಕೆ ಒಳಗೆಲ್ಲೋ ತಣ್ಣಗೆ ತಾಗಿತು. ಹಳೆಯ ಗಿರಾಕಿಗಳೆಲ್ಲ ಅದೇ ಮಾತು ಹೇಳಿ ಅವಳ ಕೈ ಹಿಡಿದು ಹೋದರು. ಸ್ಕೂಲಿನಿಂದ ಬಂದ ಇಬ್ಬರು ಚಿಕ್ಕ ವಯಸ್ಸಿನ ಟೀಚರುಗಳು ಮಾತ್ರ ಪೆಟ್ಟಿಗೆಯ ಬಳಿ ಹೋಗಿ, ಸರಿಯಾದ ಕೋಣೆಗೇ ಬಂದೆವೇ ಎಂಬಂತೆ ಬಾಗಿಲ ಮೇಲಿನ ಹೆಸರನ್ನು ಮತ್ತೊಮ್ಮೆ ನೋಡಿದರು.

ಐದು ಗಂಟೆಗೆ ನೈಲಾ ಬಂದಳು. ತನ್ನ ಕೂದಲನ್ನು ತಾನೇ ಎರಡು ಉಂಡೆ ಮಾಡಿ ಕಟ್ಟಿಕೊಂಡಿದ್ದಳು, ಬೈತಲೆ ಸೊಟ್ಟಗಿತ್ತು. ಪೆಟ್ಟಿಗೆಯ ಅಂಚಿಗೆ ಬಂದು ಇಣುಕಿದಳು. ತುಂಬಾ ಹೊತ್ತು ನೋಡಿದಳು. ಅಳಲಿಲ್ಲ. ಅಜ್ಜಿಯತ್ತ ತಿರುಗಿ, ತೀರಾ ಸಾಮಾನ್ಯ ದನಿಯಲ್ಲಿ ಕೇಳಿದಳು:

"ಇದು ಯಾರು?"

ಉತ್ತರಕ್ಕೆ ಕಾಯದೆ ಹೊರಗೆ ನಡೆದಳು.

ವರ್ನೆಟಾ ಹಿಂದೆಯೇ ಹೋದಳು. ಹುಡುಗಿ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಜ್ಜಿ ಪಕ್ಕದಲ್ಲಿ ಕುಳಿತರೂ ಸರಿಯಲೂ ಇಲ್ಲ, ನೋಡಲೂ ಇಲ್ಲ.

"ನಿನ್ನಮ್ಮ ಚೆನ್ನಾಗಿ ಕಾಣ್ಲಿ ಅಂತಾನೇ ಪುಟ್ಟಿ ನಾನು..."

"ಫೋಟೋ ಕೊಟ್ಟಿದ್ದೆ ನಾನು."

ವರ್ನೆಟಾ ಚೀಲದ ಜಿಪ್ ಎಳೆದು ಫೋಟೋ ತೆಗೆದಳು. ಮೂಲೆಯಲ್ಲಿ ಸ್ವಲ್ಪ ಮಡಚಿಕೊಂಡಿತ್ತು. ನೈಲಾ ಅದನ್ನು ಕಿತ್ತುಕೊಂಡು ಮಡಿಕೆಯನ್ನು ತೊಡೆಯ ಮೇಲಿಟ್ಟು ಉಜ್ಜಿ ಸರಿಮಾಡತೊಡಗಿದಳು.

"ಅವರಿಗೆ ತೋರಿಸ್ಲೇ ಇಲ್ವಾ?"

"ಇಲ್ಲ."

"ನನ್ನ ತಲೆನೂ ಹಾಗೇ ಮಾಡ್ತೀಯಾ? ನಾನಿನ್ನು ನಿನ್ನ ಮನೇಲೇ ಇರ್ಬೇಕಲ್ಲ."

"ಇಲ್ಲ ಮರೀ. ಮಾಡಲ್ಲ."

"ನಿನ್ನೆನೂ ಆಗ್ಲಿ ಅಂದಿದ್ದೆ."

ಅರವತ್ತೆಂಟು ವರ್ಷದ ಹೆಂಗಸು ಹನ್ನೊಂದು ವರ್ಷದವಳ ಮುಂದೆ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು.

ನೈಲಾ ಕೇಳಿದಳು, "ಕ್ರೀಮಾ, ಬಾಚಣಿಗೆನಾ?"

"ಏನು?"

"ಅಮ್ಮನಿಗೆ ಹಚ್ಚಿದ್ದು. ಕ್ರೀಮಾ? ಬಾಚಣಿಗೆನಾ?"

"ಬಾಚಣಿಗೆ."

ಹುಡುಗಿ ಮೊದಲ ಸಲ ಅಜ್ಜಿಯ ಮುಖ ನೋಡಿದಳು. "ಹಂಗಾದ್ರೆ ನೀರು ಸಾಕು. ಕೂದಲಲ್ಲಿ ಎರಡು ಥರ ಕಟ್ಟು ಇರುತ್ತಂತೆ. ಒಂದು ದಾರದ ಗಂಟಿನ ಥರ, ಒಂದು ಬೆಸುಗೆ ಥರ. ಬಿಸಿ ಮಾಡಿದ್ರೆ ಗಂಟು ಮಾತ್ರ ಬಿಚ್ಚುತ್ತೆ, ನೀರು ತಾಗಿದ್ರೆ ತಾನೇ ಕಟ್ಕೊಳುತ್ತೆ. ಕ್ರೀಮು ಬೆಸುಗೇನೇ ಒಡೆದುಬಿಡುತ್ತೆ. ಅಮ್ಮ ಕ್ಲಾಸಲ್ಲೂ ಇದನ್ನೇ ಹೇಳೋದು."

"ಸತ್ತ ಮೇಲೂ ಕಟ್ಕೊಳುತ್ತಾ?"

"ಕೂದಲು ಯಾವಾಗ್ಲೂ ಸತ್ತದ್ದೇ ಅಜ್ಜಿ. ತಲೆಯಿಂದ ಹೊರಗೆ ಬರುವಾಗ್ಲೇ. ಅದಕ್ಕೆ ಗೊತ್ತಾಗಲ್ಲ."

ಶನಿವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ. ಬೆಳಿಗ್ಗೆ ಏಳೂವರೆಗೇ ಅಜ್ಜಿ ಮೊಮ್ಮಗಳು ಇಬ್ಬರೂ ಶವಗೃಹದ ಬಾಗಿಲಲ್ಲಿ ನಿಂತಿದ್ದರು. ನೈಲಾಳ ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ, ಅಮ್ಮನ ಜೆಲ್ ಡಬ್ಬಿ, ಅಗಲ ಹಲ್ಲಿನ ಹಣಿಗೆ, ಆ ಫೋಟೋ. ಪೆಟ್ವೇ ಮೀಸೆ ಸವರಿಕೊಂಡರು.

"ಮಗುವನ್ನ ಒಳಗೆ ಬಿಡೋದು ನಮ್ಮಲ್ಲಿ ವಾಡಿಕೆ ಇಲ್ಲ, ಮಿಸ್ ವರ್ನೆಟಾ."

"ಇವತ್ತು ಕೆಲಸ ಗೊತ್ತಿರೋಳು ಅವಳೇ. ನಾನು ಬರೀ ಕೈಯಾಳು" ಎಂದಳು ವರ್ನೆಟಾ.

ಅವರು ಪಕ್ಕಕ್ಕೆ ಸರಿದರು. "ಹತ್ತಕ್ಕೆ ಗಾಡಿ ಹೊರಡ್ಬೇಕು" ಎಂದಷ್ಟೇ ಹೇಳಿದರು.

ಉಡುಪಿನ ಮೇಲೆ ಟವೆಲು ಹಾಸಿದರು. ನೈಲಾ ಸ್ಟೂಲು ಹತ್ತಿ ನಿಂತು, ಎಡಗಿವಿಯ ಮೇಲಿನ ಒಂದು ಎಳೆಗೆ ಮೂರು ಸಲ ನೀರು ಚಿಮುಕಿಸಿದಳು. ಇಬ್ಬರೂ ಬಗ್ಗಿ ನೋಡಿದರು. ಮೊದಲು ಏನೂ ಆಗಲಿಲ್ಲ. ನೀರು ಎಣ್ಣೆಯ ಮೇಲೆ ಹನಿ ಹನಿಯಾಗಿ ನಿಂತಿತು. ಆಮೇಲೆ ಎಳೆಯ ತುದಿ ಒಂದಿಷ್ಟು ಅಲುಗಿತು. ಮೇಲಕ್ಕೆ ಸರಿಯಿತು. ಗೆರೆಯಂತಿದ್ದದ್ದು ಅಲೆಯಾಯಿತು, ಅಲೆ ಇಕ್ಕಟ್ಟಾಗುತ್ತಾ ಹೋಗಿ ಸುರುಳಿಯಾಯಿತು, ಸುರುಳಿ ಬುಡದ ಕಡೆಗೆ ತನ್ನಷ್ಟಕ್ಕೆ ತಾನು ಏರಿ ಕುಳಿತಿತು. ಅಲ್ಲಾಡದ ಆ ಮುಖದ ಪಕ್ಕದಲ್ಲಿ ಅದೊಂದೇ ಚಲಿಸುತ್ತಿತ್ತು.

ವರ್ನೆಟಾ ಪೆಟ್ಟಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜೀವಮಾನವಿಡೀ ನೀರನ್ನು ಶತ್ರುವಿನಂತೆ ಕಂಡವಳು ಅವಳು. ಮಳೆಯೆಂದರೆ ಓಟ, ಬೆವರೆಂದರೆ ಭಯ. ಮಗಳನ್ನು ಈಜಲು ಕಳಿಸಿದವಳಲ್ಲ.

"ನೋಡ್ದ್ಯಾ? ಬಂತು" ಎಂದಳು ನೈಲಾ, ಪಿಸುದನಿಯಲ್ಲಿ.

ಇಬ್ಬರೂ ಆಚೆ ಈಚೆ ನಿಂತು ಎಳೆ ಎಳೆಯಾಗಿ ನೀರು ತಾಗಿಸಿದರು. ಹೇಗೆ ಹಿಡಿಯಬೇಕು, ಎಷ್ಟು ಜೆಲ್ ಹಾಕಬೇಕು ಎಂದು ನೈಲಾ ಹೇಳುತ್ತಾ ಹೋದಳು.

"ಬಾಚ್ಬೇಡ ಅಜ್ಜಿ. ಬಾಚಿದ್ರೆ ಹರಿದುಹೋಗುತ್ತೆ. ಬೆರಳಲ್ಲೇ ಬಿಡಿಸು. ಹಾಂ, ಹಂಗೆ. ನಿಂಗೆ ಬರುತ್ತೆ."

"ನಿಮ್ಮಮ್ಮ ನಿಂಗೆ ಹೀಗೇ ಮಾಡ್ತಿದ್ಲಾ?"

"ಪ್ರತಿ ಭಾನುವಾರ ಸಂಜೆ. ಕತೆ ಹೇಳ್ತಾ ಮಾಡ್ತಿದ್ಲು. ನಡುವೆ ನಿದ್ದೆ ಬಂದ್ರೆ ಕಿವಿ ಹಿಂಡೋಳು."

ಎಡಗಿವಿಯ ಹಿಂದೆ ಬಂದಾಗ ಹುಡುಗಿ ನಿಲ್ಲದೆ ಆ ಬೋಳು ಜಾಗವನ್ನು ಬೆರಳ ತುದಿಯಿಂದ ಮುಟ್ಟಿ ಮುಂದೆ ಹೋದಳು. ಅದು ಅವಳಿಗೆ ಗೊತ್ತಿತ್ತು. ವರ್ನೆಟಾಳಿಗೆ ಕೇಳದೆ ಇರಲಾಗಲಿಲ್ಲ.

"ಅದು ಹೇಗಾಯ್ತು ಅಂತ ಹೇಳಿದ್ಲಾ ನಿಮ್ಮಮ್ಮ?"

"ಹುಟ್ಟಿದಾಗಿಂದ ಇದೆ ಅಂದಿದ್ಲು."

ವರ್ನೆಟಾ ಮುಖ ಆಚೆ ತಿರುಗಿಸಿದಳು. ಹೇಳಬೇಕಿತ್ತು. "ಅಲ್ಲ. ನಾನು ಸುಟ್ಟಿದ್ದು. ಆರು ವರ್ಷದವಳಿದ್ದಾಗ. ಉರೀತಿದೆ ಅಂದ್ಲು. ನಾನು ತೊಳೀಲಿಲ್ಲ."

ನೈಲಾ ನೀರಿನ ಬಾಟಲಿಯನ್ನು ಅಜ್ಜಿಯತ್ತ ಚಾಚಿದಳು. "ಈ ಕಡೆ ಇನ್ನೂ ಒಣಗಿದೆ. ಕೈ ಒದ್ದೆ ಮಾಡ್ಕೋ" ಎಂದಳು.

ಒಂಬತ್ತೂವರೆಯ ಹೊತ್ತಿಗೆ ತಲೆ ಸುಮಾರಾಗಿ ಫೋಟೋದಲ್ಲಿದ್ದಂತೆ ಆಗಿತ್ತು. ಹಣೆಯ ಮೇಲಿನ ಎಳೆಯೊಂದೇ ಉಳಿದಿತ್ತು. ನೈಲಾ ನೀರು ಚಿಮುಕಿಸಿದಳು. ಕಾದರು. ಮತ್ತೆ ಚಿಮುಕಿಸಿದಳು. ಅದು ಒದ್ದೆಯಾಗಿ, ಉದ್ದಕ್ಕೆ, ಹುಲ್ಲಿನಂತೆ ಹಾಗೆಯೇ ಮಲಗಿತು. ಬಾಟಲಿ ಅರ್ಧ ಖಾಲಿಯಾಗುವಷ್ಟು ಹಾಕಿದರೂ ಅಲುಗಲಿಲ್ಲ.

"ಯಾಕಜ್ಜಿ ಬರ್ತಿಲ್ಲ?"

ವರ್ನೆಟಾಳಿಗೆ ನಿನ್ನೆಯ ಕಮಟು ವಾಸನೆ ಮತ್ತೆ ಮೂಗಿಗೆ ಬಂತು. "ಹೆಚ್ಚು ಕಾದುಹೋಯ್ತು ಮರೀ. ಕಾಗದಕ್ಕೆ ಹಿಡಿದು ನೋಡ್ಲಿಲ್ಲ ನಾನು. ಅವಳೂ... ಅವಳು ಹೇಳ್ಲಿಲ್ಲ."

ನೈಲಾ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಮೊಟ್ಟೆ ಬೆಂದ ಹಾಗೆ" ಎಂದಳು ಮೆಲ್ಲಗೆ. "ಬೆಂದದ್ದು ಮತ್ತೆ ಹಸಿ ಆಗಲ್ಲ. ಅದನ್ನೂ ಹೇಳಿದ್ಲು."

"ಕತ್ತರಿ ಇದೆ. ಅಷ್ಟು ತೆಗೆದುಬಿಟ್ರೆ ಯಾರಿಗೂ ಕಾಣ್ಸಲ್ಲ" ಎಂದು ವರ್ನೆಟಾ ಚೀಲಕ್ಕೆ ಕೈ ಹಾಕಿದಳು. ಒಂಬತ್ತು ವರ್ಷದ ಹಿಂದೆ ಮಗಳು ಕೇಳಿದಾಗ ಎತ್ತದ ಕತ್ತರಿ ಅದೇ.

"ಬೇಡ." ಹುಡುಗಿ ಎರಡೂ ಕೈಗಳಿಂದ ಆ ಎಳೆಯನ್ನು ಮುಚ್ಚಿದಳು. "ಅವತ್ತು ಅಮ್ಮ ಕತ್ತರಿಸ್ಕೊಂಡಾಗ ಮತ್ತೆ ಬೆಳೀತು. ಈಗ ಬೆಳೆಯಲ್ಲ ಅಜ್ಜಿ."

ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. ಕೈ ಮಾತ್ರ ತೆಗೆಯಲಿಲ್ಲ. ವರ್ನೆಟಾ ಸುತ್ತಿ ಬಂದು ಅವಳನ್ನು ಎದೆಗೆ ಒರಗಿಸಿಕೊಂಡಳು. ಹುಡುಗಿ ಒರಗಿದಳು, ಬೆನ್ನು ಮಾತ್ರ ಬಿಗಿಯಾಗಿಯೇ ಇತ್ತು.

ಅಳು ತಗ್ಗಿದ ಮೇಲೆ ನೈಲಾ ಮೂಗು ಒರೆಸಿಕೊಂಡು ಹೇಳಿದಳು: "ಬೆರಳಿಗೆ ಸುತ್ತಿ ಹಿಡ್ಕೊಂಡ್ರೆ ಒಣಗೋವರೆಗೂ ಸುರುಳಿ ಥರ ನಿಲ್ಲಬಹುದು. ಹಿಡ್ಕೋತೀಯಾ? ನನ್ನ ಬೆರಳು ಸಣ್ಣ."

ವರ್ನೆಟಾ ಜೆಲ್ ಹಚ್ಚಿ ಆ ಸತ್ತ ಎಳೆಯನ್ನು ತೋರುಬೆರಳಿಗೆ ಸುತ್ತಿದಳು. ಬುಡದಿಂದ ತುದಿಯವರೆಗೆ, ಒಂದರ ಪಕ್ಕ ಒಂದು ಸುತ್ತು, ನೈಲಾ ಹೇಳಿದ ಹಾಗೆಯೇ. ಬೆರಳ ಗೆಣ್ಣು ಮಗಳ ಹಣೆಗೆ ತಾಗಿಕೊಂಡಿತ್ತು. ನೈಲಾ ಬಗ್ಗಿ ಮೆಲ್ಲಗೆ ಊದಿದಳು. ಹೊರಗೆ ಗಾಡಿಯ ಬಾಗಿಲು ತೆರೆದ ಸದ್ದು ಕೇಳಿತು. ವರ್ನೆಟಾ ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆ ಹಾಗೆಯೇ ನಿಂತಳು. ಹತ್ತಕ್ಕೆ ಪೆಟ್ವೇ ಬಾಗಿಲು ತಟ್ಟಿ ಒಳಗೆ ಇಣುಕಿ ಮತ್ತೆ ಹೊರಗೆ ಹೋದರು. ಹತ್ತೂಕಾಲಿಗೆ ಬಂದವರು, "ಮಿಸ್ ವರ್ನೆಟಾ, ಇನ್ನು ಬಿಡಬೇಕು" ಎಂದರು.

ಅವಳು ಬೆರಳನ್ನು ಮೆಲ್ಲಗೆ ಜಾರಿಸಿಕೊಂಡಳು. ಸುರುಳಿ ಹಣೆಯ ಮೇಲೆ ನಿಂತಿತು.

ಚರ್ಚಿನಲ್ಲಿ ಓಡೆಸ್ಸಾ ಪೆಟ್ಟಿಗೆಯ ಬಳಿ ಬಂದು ಬೆಚ್ಚಿ ನಿಂತಳು. ವರ್ನೆಟಾಳ ಮುಖ ನೋಡಿ, ಹುಟ್ಟಿದ ಮೇಲೆ ಮೊದಲ ಸಲ ಎಂಬಂತೆ, ಮಾತು ನುಂಗಿಕೊಂಡು ಮುಂದೆ ಹೋದಳು. ಸ್ಕೂಲಿನ ಮಕ್ಕಳು ಸಾಲಾಗಿ ಬಂದರು. "ಟೀಚರ್" ಎಂದು ಒಬ್ಬಳು ಜೋರಾಗಿ ಅತ್ತಳು. ಅವರಿಗೆ ಗುರುತು ಸಿಕ್ಕಿತ್ತು.

ಮೊದಲ ಸಾಲಿನ ಬೆಂಚಿನಲ್ಲಿ ಅಜ್ಜಿ ಮೊಮ್ಮಗಳು ಕುಳಿತಿದ್ದರು. ಎರಡನೆಯ ಹಾಡು ಮುಗಿಯುವ ಹೊತ್ತಿಗೆ, ಸೆಕೆಗೋ, ಜನರ ಉಸಿರಿಗೋ, ಹಣೆಯ ಮೇಲಿನ ಸುರುಳಿ ಸಡಿಲಾಗತೊಡಗಿತು. ಒಂದು ಸುತ್ತು ಬಿಚ್ಚಿತು. ಇನ್ನೊಂದು ಬಿಚ್ಚಿತು. ಪಾದ್ರಿ ಪ್ರಾರ್ಥನೆಗೆ ಏಳುವಷ್ಟರಲ್ಲಿ ಅದು ನೆಟ್ಟಗಾಗಿ ಹುಬ್ಬಿನ ಮೇಲೆ ಮಲಗಿತ್ತು. ಅಷ್ಟು ಜನರಲ್ಲಿ ಅದನ್ನು ಕಂಡವರು ಇಬ್ಬರೇ.

ವರ್ನೆಟಾಳ ಬಲಗೈ ಮಡಿಲಲ್ಲಿತ್ತು. ತೋರುಬೆರಳು ಇನ್ನೂ ಏನನ್ನೋ ಸುತ್ತಿಕೊಂಡಿರುವಂತೆ ಬಾಗಿಯೇ ಇತ್ತು. ನೈಲಾ ಅದನ್ನು ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, ಮುಂದೆಯೇ ಕಣ್ಣಿಟ್ಟುಕೊಂಡು, ಆ ಬೆರಳ ಮೇಲೆ ತನ್ನ ಕೈ ಇಟ್ಟಳು, ಬಿಡಿಸಲು ಹೋಗಲಿಲ್ಲ.